ಸಣ್ಣ ಇಂಜಿನ್ನಿಗೆ ವಿದ್ಯುತ್ ಇಂಧನ ಪಂಪು: ಜೋಡಿಸುವ ಮುನ್ನ ಮತ್ತು ಜೋಡಿಸುವಾಗ

ಅಮೆರಿಕದ ಉಪನಗರಗಳಲ್ಲಿ ದೊಡ್ಡ ಹಿತ್ತಲಿನ ಮನೆ ಕೊಂಡ ಕನ್ನಡಿಗರು ಇಂದಲ್ಲ ನಾಳೆ, ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವೊಂದರ ಒಡೆಯರಾಗುತ್ತಾರೆ. ಅದರ ಹೃದಯ 15ರಿಂದ 25 ಅಶ್ವಶಕ್ತಿಯ, ಒಂದು ಅಥವಾ ಎರಡು ಸಿಲಿಂಡರಿನ, ಕಾರ್ಬ್ಯುರೇಟರ್ ಉಳ್ಳ ಪೆಟ್ರೋಲ್ ಇಂಜಿನ್. ಇಲ್ಲಿನವರು ಪೆಟ್ರೋಲನ್ನು ಗ್ಯಾಸ್ ಎನ್ನುತ್ತಾರೆ. ಗೊಂದಲ ಬೇಡವೆಂದು ಈ ಲೇಖನದಲ್ಲಿ ಪೆಟ್ರೋಲ್ ಎಂದೇ ಬರೆಯುತ್ತೇನೆ. ಐದಾರು ವರ್ಷ ಸುಖವಾಗಿ ನಡೆದ ಯಂತ್ರ ಒಂದು ಬೇಸಿಗೆಯಲ್ಲಿ ಇಪ್ಪತ್ತು ನಿಮಿಷ ಓಡಿ ಏದುಸಿರು ಬಿಟ್ಟು ನಿಲ್ಲುತ್ತದೆ, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಆಗ ಯಾರಾದರೊಬ್ಬರು ಸಲಹೆ ಕೊಡುತ್ತಾರೆ: ಹಳೆಯ ಪಂಪು ಕಿತ್ತುಹಾಕಿ, 12 ವೋಲ್ಟಿನ ವಿದ್ಯುತ್ ಪಂಪು ಕೂರಿಸಿ.

ಸಲಹೆ ತಪ್ಪಲ್ಲ. ಆದರೆ ಅದು ಬಹುತೇಕ ಅರ್ಧಕ್ಕೇ ನಿಂತಿರುತ್ತದೆ. ನನ್ನ ಯಂತ್ರಕ್ಕೂ ಇಬ್ಬರು ಸ್ನೇಹಿತರ ಯಂತ್ರಗಳಿಗೂ ಇಂಥ ಪಂಪು ಜೋಡಿಸಿದ್ದೇನೆ; ಅದಕ್ಕಿಂತ ಹೆಚ್ಚು ಮಂದಿಗೆ ಬೇಡವೆಂದೂ ಹೇಳಿದ್ದೇನೆ. ಎರಡಕ್ಕೂ ಕಾರಣಗಳನ್ನು ವಿವರಿಸುವುದು ಈ ಬರಹದ ಉದ್ದೇಶ.

ಪೆಟ್ರೋಲು ಮೇಲೇರುವ ಬಗೆ

ನಮ್ಮ ಪೀಳಿಗೆಯವರಿಗೆ ಊರಿನ ಸ್ಕೂಟರು ನೆನಪಿರುತ್ತದೆ. ಟ್ಯಾಂಕು ಸೀಟಿನ ಕೆಳಗೆ, ಕಾರ್ಬ್ಯುರೇಟರು ಅದಕ್ಕಿಂತ ಕೆಳಗೆ. ಪೆಟ್ರೋಲು ತನ್ನ ಭಾರದಿಂದಲೇ ಇಳಿಯುತ್ತಿತ್ತು. ಮುಗಿಯುತ್ತ ಬಂದಾಗ ರಿಸರ್ವಿಗೆ ತಿರುಗಿಸುವುದು, ಅದೂ ಆಗದಿದ್ದರೆ ಗಾಡಿಯನ್ನು ಓರೆ ಮಾಡಿ ಕಿಕ್ ಹೊಡೆಯುವುದು ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಅಲ್ಲಿ ಪಂಪೇ ಇಲ್ಲ. ಹೊಲದ ಸಣ್ಣ ನೀರೆತ್ತುವ ಯಂತ್ರ, ಕೈಯಿಂದ ಹಗ್ಗ ಎಳೆದು ಹೊರಡಿಸುವ ಜನರೇಟರ್, ತಳ್ಳಿಕೊಂಡು ಹೋಗುವ ಹುಲ್ಲುಯಂತ್ರ ಇವೂ ಬಹುಮಟ್ಟಿಗೆ ಇದೇ ಜಾತಿಯವು.

ಕುಳಿತು ಓಡಿಸುವ ಯಂತ್ರದಲ್ಲಿ ಟ್ಯಾಂಕು ಹೆಚ್ಚಾಗಿ ಹಿಂದೆ, ಸೀಟಿನ ಅಡಿಯಲ್ಲೋ ಚಕ್ರದ ಪಕ್ಕದಲ್ಲೋ ಇರುತ್ತದೆ, ಕಾರ್ಬ್ಯುರೇಟರು ಅದಕ್ಕಿಂತ ಮೇಲೆ. ಹಾಗಾಗಿ ಎತ್ತಿ ಕೊಡುವವರು ಬೇಕು. ತಯಾರಕರು ಇದಕ್ಕೆ ಕಂಡುಕೊಂಡ ಉಪಾಯ ನಿಜಕ್ಕೂ ಮೆಚ್ಚತಕ್ಕದ್ದು. ಪಿಸ್ಟನ್ ಕೆಳಗಿಳಿದಾಗ ಕ್ರ್ಯಾಂಕ್‌ಕೇಸಿನೊಳಗಿನ ಗಾಳಿ ಒತ್ತಲ್ಪಡುತ್ತದೆ, ಮೇಲೇರಿದಾಗ ಸಡಿಲವಾಗುತ್ತದೆ. ನಿಮಿಷಕ್ಕೆ 3600 ಸುತ್ತು ತಿರುಗುವ ಇಂಜಿನ್ನಿನಲ್ಲಿ ಈ ಮಿಡಿತ ಸೆಕೆಂಡಿಗೆ 60 ಸಲ. ಒಂದು ಸಣ್ಣ ಕೊಳವೆಯ ಮೂಲಕ ಈ ಮಿಡಿತವನ್ನು ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಪೆಟ್ಟಿಗೆಗೆ ತರುತ್ತಾರೆ. ಅದರೊಳಗೆ ರಬ್ಬರಿನ ಪೊರೆ, ಪೊರೆಯ ಆಚೆಗೆ ಎರಡು ಏಕಮುಖ ಕವಾಟಗಳು. ಪೊರೆ ಅತ್ತಿತ್ತ ಅಲುಗಿದಂತೆಲ್ಲ ಪೆಟ್ರೋಲು ಒಂದು ಕವಾಟದಿಂದ ಒಳಬಂದು ಇನ್ನೊಂದರಿಂದ ಹೊರಹೋಗುತ್ತದೆ. ವೈರಿಲ್ಲ, ಫ್ಯೂಸಿಲ್ಲ. ಇಂಜಿನ್ ತಿರುಗಿದರೆ ಪಂಪು ನಡೆಯುತ್ತದೆ, ಇಂಜಿನ್ ನಿಂತರೆ ಪಂಪು ನಿಲ್ಲುತ್ತದೆ. ಈ ಕೊನೆಯ ಗುಣವನ್ನು ಓದುಗರು ನೆನಪಿಡಬೇಕು; ವಿದ್ಯುತ್ ಪಂಪಿನಲ್ಲಿ ನಾವು ಕಳೆದುಕೊಳ್ಳುವುದು ಇದನ್ನೇ. ಕೆಲವು ಇಂಜಿನ್ನುಗಳಲ್ಲಿ ಮಿಡಿತದ ಬದಲು ಕ್ಯಾಮ್ ದಂಡದಿಂದ ಸನ್ನೆಕೋಲು ಒತ್ತಿ ನಡೆಸುವ ಪಂಪಿರುತ್ತದೆ. ತತ್ತ್ವ ಬೇರೆ, ಆದರೆ ಈ ಗುಣ ಅದಕ್ಕೂ ಇದೆ.

ದೋಷ ಪಂಪಿನದೇ?

ಪೊರೆ ವರ್ಷಗಳು ಕಳೆದಂತೆ ಬಿರುಸಾಗುತ್ತದೆ. ಇಲ್ಲಿನ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರವರೆಗೆ ಎಥನಾಲ್ ಬೆರೆತಿರುವುದೂ ಹಳೆಯ ರಬ್ಬರಿಗೆ ಹಿತವಲ್ಲ. ಆದರೂ ಪಂಪನ್ನು ದೂರುವ ಮುನ್ನ ಕೆಲವನ್ನು ನೋಡಿಬಿಡಬೇಕು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸೂಕ್ಷ್ಮ ರಂಧ್ರವಿರುತ್ತದೆ. ಅದು ಕಟ್ಟಿಕೊಂಡರೆ ಪೆಟ್ರೋಲು ಇಳಿದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತ ಬೆಳೆದು, ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಇಂಜಿನ್ ನಿಲ್ಲುತ್ತದೆ. ಅರ್ಧ ಗಂಟೆಯಲ್ಲಿ ಗಾಳಿ ಮೆಲ್ಲನೆ ಒಳನುಸುಳಿ ಮತ್ತೆ ಹೊರಡುತ್ತದೆ. ಲಕ್ಷಣ ಪಂಪಿನ ದೋಷದಂತೆಯೇ. ನಿಂತ ತಕ್ಷಣ ಮುಚ್ಚಳವನ್ನು ಸಡಿಲಿಸಿ ಹೊರಡಿಸಿದಾಗ ಯಂತ್ರ ಓಡಿದರೆ ಕೆಲಸ ಮುಗಿಯಿತು, ಹೊಸ ಮುಚ್ಚಳ ತನ್ನಿ. ಆಮೇಲೆ ಫಿಲ್ಟರು. ಆಮೇಲೆ ಮಿಡಿತ ತರುವ ಕೊಳವೆ: ಕಣ್ಣಿಗೆ ಕಾಣದ ಸಣ್ಣ ಬಿರುಕು ಸಾಕು, ಮಿಡಿತವೆಲ್ಲ ಅಲ್ಲೇ ಸೋರಿಹೋಗುತ್ತದೆ.

ಪೊರೆ ಹರಿದಿದ್ದರೆ ಮಾತ್ರ ಬೇರೊಂದು ತೊಂದರೆ. ಪೆಟ್ರೋಲು ಅದೇ ಮಿಡಿತದ ಕೊಳವೆಯಲ್ಲಿ ಹಿಂದಕ್ಕೆ ಹರಿದು ಕ್ರ್ಯಾಂಕ್‌ಕೇಸಿನ ಎಣ್ಣೆಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಎಣ್ಣೆಯ ಮಟ್ಟ ತನ್ನಷ್ಟಕ್ಕೆ ಏರಿದ್ದು, ಪೆಟ್ರೋಲಿನ ವಾಸನೆ ಬಂದರೆ ಯಂತ್ರವನ್ನು ಓಡಿಸಬೇಡಿ. ತೆಳುವಾದ ಎಣ್ಣೆ ಬೇರಿಂಗುಗಳನ್ನು ಕಾಯುವುದಿಲ್ಲ. ಪಂಪು ಬದಲಿಸುವುದರ ಜೊತೆಗೆ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಲೇಬೇಕು.

ದೋಷ ಪಂಪಿನದೇ ಎಂದು ಖಚಿತವಾದರೆ, ಹತ್ತರಲ್ಲಿ ಏಳೆಂಟು ಸಂದರ್ಭಗಳಲ್ಲಿ ನನ್ನ ಸಲಹೆ ಅದೇ ಬಗೆಯ ಹೊಸ ಮಿಡಿತದ ಪಂಪು ಹಾಕಿ ಎಂಬುದು. ಬೆಲೆ ಕಡಿಮೆ, ಕೆಲಸ ಅರ್ಧ ಗಂಟೆಯದು. ವಿದ್ಯುತ್ ಪಂಪು ಸಮರ್ಥನೀಯವಾಗುವುದು ಟ್ಯಾಂಕು ತೀರ ಕೆಳಗೋ ದೂರವೋ ಇದ್ದಾಗ, ಹಳೆಯ ಇಂಜಿನ್ನಿಗೆ ಮೂಲ ಪಂಪು ಸಿಗದಾಗ, ತಿಂಗಳುಗಟ್ಟಲೆ ನಿಂತ ಯಂತ್ರ ಪ್ರತಿಸಲವೂ ಬಹಳ ಹೊತ್ತು ಸ್ಟಾರ್ಟರ್ ತಿರುಗಿಸಿಕೊಳ್ಳುವಾಗ, ಅಥವಾ ಶಾಖದಿಂದ ಪೆಟ್ರೋಲು ಕೊಳವೆಯಲ್ಲೇ ಆವಿಯಾಗುವಾಗ.

ಈ ಆವಿಯ ಕಥೆಗೆ ಕರ್ನಾಟಕದಲ್ಲೇ ಒಳ್ಳೆಯ ನಿದರ್ಶನವಿದೆ. ಅಂಬಾಸಡರ್, ಫಿಯೆಟ್ ಕಾರುಗಳ ಕಾಲದಲ್ಲಿ ಘಟ್ಟ ಹತ್ತುವಾಗ ಗಾಡಿ ನಿಂತರೆ ಚಾಲಕರು ಬಾನೆಟ್ ಎತ್ತಿ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಆ ಪಂಪು ಬಿಸಿ ಇಂಜಿನ್ನಿನ ಮೈಗೇ ಅಂಟಿಕೊಂಡಿತ್ತು, ಟ್ಯಾಂಕು ಹಿಂದೆ ಡಿಕ್ಕಿಯ ಬಳಿ. ಹೀರುವ ಕೊಳವೆಯಲ್ಲಿ ಒತ್ತಡ ವಾತಾವರಣಕ್ಕಿಂತ ಕಡಿಮೆ. ಒತ್ತಡ ಇಳಿದರೆ ದ್ರವ ಬೇಗ ಕುದಿಯುತ್ತದೆ. ಪೆಟ್ರೋಲಿನ ಹಗುರ ಅಂಶಗಳಂತೂ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಒಮ್ಮೆ ಕೊಳವೆಯಲ್ಲಿ ಆವಿ ತುಂಬಿಕೊಂಡರೆ ಪಂಪು ಆವಿಯನ್ನೇ ಹಿಗ್ಗಿಸಿ ಕುಗ್ಗಿಸುತ್ತ ಕೂರುತ್ತದೆ. ವಿದ್ಯುತ್ ಪಂಪನ್ನು ಟ್ಯಾಂಕಿನ ಬಳಿ ಕೆಳಗಿಟ್ಟರೆ ಅದು ಹೀರುವುದಿಲ್ಲ, ತಳ್ಳುತ್ತದೆ. ಬಿಸಿ ಭಾಗ ಹಾದುಹೋಗುವ ಕೊಳವೆಯೆಲ್ಲ ಹೆಚ್ಚಿನ ಒತ್ತಡದಲ್ಲಿರುತ್ತದೆ. ವಿದ್ಯುತ್ ಪಂಪಿನ ನಿಜವಾದ ಲಾಭ ಇಲ್ಲಿದೆ. ಕಿತ್ತ ಹಳೆಯ ಪಂಪಿದ್ದಲ್ಲೇ, ಇಂಜಿನ್ನಿನ ಪಕ್ಕದಲ್ಲಿ ಹೊಸದನ್ನು ಬಿಗಿದರೆ ಆ ಲಾಭವೇ ಇಲ್ಲ.

ಎಷ್ಟು ಒತ್ತಡ?

ಅಂಗಡಿಗಳಲ್ಲಿ ಪಂಪುಗಳನ್ನು ಗಂಟೆಗೆ ಎಷ್ಟು ಗ್ಯಾಲನ್ ಎಂದು ಹೊಗಳಿ ಮಾರುತ್ತಾರೆ. ಆ ಅಂಕಿ ನಮಗೆ ಮುಖ್ಯವೇ ಅಲ್ಲ. 20 ಅಶ್ವಶಕ್ತಿಯ ಇಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 6 ಲೀಟರ್, ಎಂದರೆ ನಿಮಿಷಕ್ಕೆ 100 ಮಿಲಿಲೀಟರ್ ಕುಡಿಯುತ್ತದೆ. ಅತಿ ಚಿಕ್ಕ ವಿದ್ಯುತ್ ಪಂಪೂ ಅದರ ಹಲವು ಪಟ್ಟು ಕೊಡುತ್ತದೆ. ಮುಖ್ಯವಾದದ್ದು ಒತ್ತಡ.

ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಒಂದು ತೇಲುಬುರುಡೆ ಇರುತ್ತದೆ. ಪೆಟ್ರೋಲು ಏರಿದಂತೆ ಅದು ಏರಿ, ಒಂದು ಸೂಜಿಯನ್ನು ರಂಧ್ರಕ್ಕೆ ಒತ್ತಿ ದಾರಿ ಮುಚ್ಚುತ್ತದೆ. ರಂಧ್ರದ ವ್ಯಾಸ 2 ಮಿಲಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಟ್ಯಾಂಕು 30 ಸೆಂಟಿಮೀಟರ್ ಮೇಲಿದ್ದು ಪೆಟ್ರೋಲು ತನ್ನ ಭಾರದಿಂದ ಇಳಿಯುವಾಗ ಒತ್ತಡ ಸುಮಾರು 0.3 ಪಿಎಸ್‌ಐ, ಸೂಜಿಯನ್ನು ಕೆಳಕ್ಕೆ ನೂಕುವ ಬಲ ಒಂದು ಗ್ರಾಮ್ ತೂಕಕ್ಕಿಂತ ಕಡಿಮೆ. 3 ಪಿಎಸ್‌ಐ ಪಂಪಿನಲ್ಲಿ ಅದು ಆರೂವರೆ ಗ್ರಾಮ್. 7 ಪಿಎಸ್‌ಐ ಆದರೆ 15 ಗ್ರಾಮ್. ಕಾರಿನ ಫ್ಯೂಯೆಲ್ ಇಂಜೆಕ್ಷನ್ ಪಂಪು 40 ಪಿಎಸ್‌ಐ ಕೊಟ್ಟರೆ ಸುಮಾರು 90 ಗ್ರಾಮ್. ಹೆಬ್ಬೆರಳ ಗಾತ್ರದ ಟೊಳ್ಳು ಬುರುಡೆ ಸನ್ನೆಯ ನೆರವಿದ್ದರೂ ಇಷ್ಟನ್ನು ತಡೆಯಲಾರದು. ಸೂಜಿ ಜಗ್ಗುತ್ತದೆ, ಬಟ್ಟಲು ಉಕ್ಕುತ್ತದೆ. ಮನೆಯಲ್ಲಿ ಬಿದ್ದಿದ್ದ ಕಾರಿನ ಪಂಪನ್ನು ಹುಲ್ಲುಯಂತ್ರಕ್ಕೆ ಹಾಕುವ ಮಾತನ್ನು ಯಾರಾದರೂ ಆಡಿದರೆ ಈ ಲೆಕ್ಕ ತೋರಿಸಿ.

ಮೊದಲೇ ಪಂಪಿದ್ದ ಇಂಜಿನ್ನಿನ ಕಾರ್ಬ್ಯುರೇಟರಿಗೆ 2ರಿಂದ 3 ಪಿಎಸ್‌ಐ ಪಂಪು ಸಾಮಾನ್ಯವಾಗಿ ಹೊಂದುತ್ತದೆ. ಕೈಪಿಡಿಯಲ್ಲಿ ಮಿತಿ ಕೊಟ್ಟಿದ್ದರೆ ಅದೇ ಅಂತಿಮ. ಬರಿಯ ಭಾರದಿಂದ ಇಳಿಯುವ ಪೆಟ್ರೋಲಿಗೆಂದು ಮಾಡಿದ ಕಾರ್ಬ್ಯುರೇಟರಿಗೆ ಅಷ್ಟೂ ಹೆಚ್ಚು. ಅಲ್ಲಿ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಬೇಕು. ಪಂಪಿನ ಡಬ್ಬಿಯ ಮೇಲಿನ ಅಂಕಿಯನ್ನು ನಾನು ನಂಬುವುದಿಲ್ಲ, ಅದರಲ್ಲೂ ಅಗ್ಗದ ಪಂಪುಗಳದ್ದನ್ನು. ಕಡಿಮೆ ಒತ್ತಡದ ಗೇಜನ್ನು ಟೀ ಜೋಡಣೆಯಲ್ಲಿ ಹಾಕಿ ಅಳೆದರೆ ಐದು ನಿಮಿಷದಲ್ಲಿ ಸಂದೇಹ ತೀರುತ್ತದೆ.

ಇಂಜಿನ್ ನಿಂತ ಮೇಲೆ

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಅರ್ಧ ಸಲಹೆಗಳಲ್ಲಿ ಬಿಟ್ಟುಹೋಗುವ ಭಾಗ. ವಿದ್ಯುತ್ ಪಂಪಿಗೆ ಇಂಜಿನ್ ನಡೆಯುತ್ತಿದೆಯೋ ಇಲ್ಲವೋ ತಿಳಿಯದು. ವಿದ್ಯುತ್ತು ಬರುತ್ತಿರುವಷ್ಟು ಹೊತ್ತೂ ಅದು ನೂಕುತ್ತದೆ. ಕುಳಿತು ಓಡಿಸುವ ಯಂತ್ರದಲ್ಲಿ ಸೀಟಿನಿಂದ ಎದ್ದರೆ ಇಂಜಿನ್ ನಿಲ್ಲಿಸುವ ರಕ್ಷಣಾ ಸ್ವಿಚ್ಚಿರುತ್ತದೆ. ಕೀ ಮಾತ್ರ ಆನ್ ಸ್ಥಾನದಲ್ಲೇ ಉಳಿದಿರುತ್ತದೆ. ಕೀಯಿಂದ ನೇರವಾಗಿ ವಿದ್ಯುತ್ತು ಪಡೆದ ಪಂಪು ಆಗಲೂ ಟಕಟಕ ಎನ್ನುತ್ತಲೇ ಇರುತ್ತದೆ. ಫೋನ್ ಬಂತೆಂದು ಒಳಗೆ ಹೋದಿರಿ ಅನ್ನಿ. ಸೂಜಿ ಸರಿಯಾಗಿ ಕುಳಿತಿದ್ದರೆ ಏನೂ ಆಗದು. ಸೂಜಿಯ ಕೆಳಗೆ ಕಸದ ಒಂದು ಕಣ ಸಿಕ್ಕಿದ್ದರೆ ಬಟ್ಟಲು ಉಕ್ಕಿ ಪೆಟ್ರೋಲು ಸಿಲಿಂಡರಿಗೆ ಇಳಿಯುತ್ತದೆ, ಅಲ್ಲಿಂದ ರಿಂಗುಗಳ ಸಂದಿಯಲ್ಲಿ ಎಣ್ಣೆಗೆ, ಇಲ್ಲವೇ ಹೊರಗೆ ನೆಲಕ್ಕೆ. ಸಿಲಿಂಡರಿನಲ್ಲಿ ದ್ರವ ತುಂಬಿದಾಗ ಸ್ಟಾರ್ಟರ್ ತಿರುಗಿಸಿದರೆ, ದ್ರವ ಒತ್ತಿದರೆ ಕುಗ್ಗುವುದಿಲ್ಲವಾದ್ದರಿಂದ, ಕನೆಕ್ಟಿಂಗ್ ರಾಡ್ ಬಾಗುವುದೂ ಉಂಟು. ಬಟ್ಟಲಿನ ಅಡಿಯಲ್ಲಿರುವ ಸೊಲೆನಾಯ್ಡ್ ತಡೆಯುತ್ತದಲ್ಲ ಎನ್ನುವವರಿದ್ದಾರೆ. ಅದು ಮುಖ್ಯ ಜೆಟ್ಟನ್ನು ಮಾತ್ರ ಮುಚ್ಚುತ್ತದೆ, ಉಕ್ಕುವ ಬಟ್ಟಲನ್ನಲ್ಲ.

ನೆಲಕ್ಕೆ ಚೆಲ್ಲಿದ ಪೆಟ್ರೋಲಿನದು ಬೇರೆಯೇ ಮಟ್ಟದ ಅಪಾಯ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹಾಸಿಕೊಂಡು ಹರಿಯುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 1.4 ಆದರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಮೆರಿಕದ ಎಷ್ಟೋ ಮನೆಗಳಲ್ಲಿ ಗರಾಜು ಮನೆಗೇ ಅಂಟಿಕೊಂಡಿರುತ್ತದೆ, ಅದರ ಮೂಲೆಯಲ್ಲಿ ಅನಿಲದಿಂದ ಉರಿಯುವ ನೀರಿನ ಹೀಟರ್. ಅಂಥ ಉಪಕರಣದ ಉರಿ ನೆಲದಿಂದ ಕನಿಷ್ಠ 18 ಅಂಗುಲ ಮೇಲಿರಬೇಕೆಂದು ಇಲ್ಲಿನ ಕಟ್ಟಡ ನಿಯಮಗಳು ಸಾಮಾನ್ಯವಾಗಿ ಕೇಳುವುದು ಈ ಹಾಸುವ ಆವಿಯ ಭಯದಿಂದಲೇ. ನಮ್ಮ ಮನೆಯಲ್ಲಿ ಗರಾಜಿನ ಮೇಲಿನ ಕೋಣೆ ಅತಿಥಿಗಳದು; ಊರಿನಿಂದ ಬಂದ ಅಪ್ಪ ಅಮ್ಮ ಆರು ತಿಂಗಳು ಮಲಗುವುದು ಅಲ್ಲೇ. ಪಂಪಿನ ವೈರಿಂಗ್ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ದೋಣಿಗಳ ವಿಷಯದಲ್ಲಿ ಇಲ್ಲಿನ ಕೋಸ್ಟ್ ಗಾರ್ಡ್ ನಿಯಮವೂ ಇದೇ ಮಾತು ಹೇಳುತ್ತದೆ: ಒಳಾಂಗಣ ಪೆಟ್ರೋಲ್ ಇಂಜಿನ್ನಿನ ವಿದ್ಯುತ್ ಪಂಪು ಇಂಜಿನ್ ನಡೆಯುತ್ತಿರುವಾಗ ಅಥವಾ ಹೊರಡಿಸುವಾಗ ಮಾತ್ರ ಕೆಲಸ ಮಾಡಬೇಕು. ಹುಲ್ಲುಯಂತ್ರಕ್ಕೂ ಅದನ್ನೇ ಅನುಸರಿಸುವುದು ಕ್ಷೇಮ.

ಇದನ್ನು ಸಾಧಿಸುವ ಅತ್ಯಂತ ನಂಬಿಕಸ್ಥ ದಾರಿ ಎಣ್ಣೆಯ ಒತ್ತಡದ ಸ್ವಿಚ್ಚು. ಎಣ್ಣೆ ಫಿಲ್ಟರ್ ಇರುವ, ಒತ್ತಡದಿಂದ ಎಣ್ಣೆ ಹರಿಸುವ ಇಂಜಿನ್ನುಗಳಲ್ಲಿ ಇದಕ್ಕೊಂದು ಜಾಗವಿರುತ್ತದೆ. ಆದರೆ ಅಲ್ಲಿ ಮೊದಲೇ ಇರುವುದು ಎಚ್ಚರಿಕೆ ದೀಪದ ಸ್ವಿಚ್ಚಾಗಿದ್ದರೆ ಅದರ ನಡತೆ ತಿರುಗುಮುರುಗು: ಒತ್ತಡ ಇಲ್ಲದಾಗ ಸಂಪರ್ಕ ಕೊಟ್ಟು, ಒತ್ತಡ ಬಂದಾಗ ಬಿಡಿಸುತ್ತದೆ. ನಮಗೆ ಬೇಕಾದ್ದು ಒತ್ತಡ ಬಂದಾಗ ಸಂಪರ್ಕ ಕೊಡುವ, ಎರಡು ಟರ್ಮಿನಲ್ಲಿನ ಸ್ವಿಚ್ಚು. ಇಂಜಿನ್ ನಿಂತಿರುವಾಗ ಮಲ್ಟಿಮೀಟರಿನಲ್ಲಿ ಅದು ಸಂಪರ್ಕ ತೋರಿಸಬಾರದು. ಎರಚುವ ವಿಧಾನದಲ್ಲಿ ಎಣ್ಣೆ ಹಚ್ಚುವ ಚಿಕ್ಕ ಒಂಟಿ ಸಿಲಿಂಡರ್ ಇಂಜಿನ್ನುಗಳಲ್ಲಿ ಎಣ್ಣೆಗೆ ಒತ್ತಡವೇ ಇಲ್ಲ. ಅವುಗಳಿಗೆ, ಕಿಡಿಯ ಮಿಡಿತ ನಿಂತೊಡನೆ ಪಂಪನ್ನು ಕತ್ತರಿಸುವ ವಿಶೇಷ ರಿಲೇಗಳು ಸಿಗುತ್ತವೆ. ಅದೂ ಬೇಡವೆನ್ನುವವರು ಮಿಡಿತದ ಪಂಪಿನಲ್ಲೇ ಉಳಿಯಲಿ.

ವೈರುಗಳು

ಪಂಪಿನ ವಿದ್ಯುತ್ತು ಬ್ಯಾಟರಿಯಿಂದ ಹೊರಟು, ಬ್ಯಾಟರಿಯ ಪಕ್ಕದಲ್ಲೇ ಇರುವ 5 ಆಂಪಿಯರ್ ಫ್ಯೂಸು ದಾಟಿ, ರಿಲೇಯ 30ನೆಯ ಕಾಲಿಗೆ ಬರಲಿ. 87ನೆಯ ಕಾಲಿನಿಂದ ಪಂಪಿಗೆ. ರಿಲೇಯನ್ನು ಎಬ್ಬಿಸುವ 86ನೆಯ ಕಾಲಿಗೆ ಕೀ ಆನ್ ಆದಾಗ ಮಾತ್ರ 12 ವೋಲ್ಟ್ ಬರುವ ವೈರು ಬೇಕು. ಕಾರ್ಬ್ಯುರೇಟರಿನ ಸೊಲೆನಾಯ್ಡಿಗೆ ಹೋಗುವ ವೈರು ಇದಕ್ಕೆ ಅನುಕೂಲ. ರಿಲೇ ಸೆಳೆಯುವುದು ಆಂಪಿಯರಿನ ಒಂದು ಅಲ್ಪಾಂಶ ಮಾತ್ರ. 85ನೆಯ ಕಾಲು ಚಾಸಿಗೆ. ಎಣ್ಣೆಯ ಸ್ವಿಚ್ಚು 86ಕ್ಕೆ ಬರುವ ದಾರಿಯಲ್ಲಿ ಸರಣಿಯಾಗಿ ಕೂರಲಿ. ಬಟ್ಟಲಿನಲ್ಲಿ ಪೆಟ್ರೋಲಿದ್ದರೆ ಇಂಜಿನ್ ಅದರಿಂದಲೇ ಹೊರಟು ಎಣ್ಣೆಯ ಒತ್ತಡ ಬಂದೊಡನೆ ಪಂಪು ಎಚ್ಚರಗೊಳ್ಳುತ್ತದೆ. ಚಳಿಗಾಲ ಕಳೆದು ಬಟ್ಟಲು ಬತ್ತಿದ್ದರೆ? ಎಣ್ಣೆಯ ಸ್ವಿಚ್ಚಿನ ಎರಡು ತುದಿಗಳ ನಡುವೆ ಒಂದು ಒತ್ತುಗುಂಡಿ ಹಾಕಿ. ಬೆರಳು ಒತ್ತಿರುವಷ್ಟು ಹೊತ್ತು ಮಾತ್ರ ಪಂಪು ನಡೆಯಲಿ. ಒತ್ತಿದಲ್ಲೇ ನಿಲ್ಲುವ ಸ್ವಿಚ್ಚು ಹಾಕಿದರೆ ಮಾಡಿದ ರಕ್ಷಣೆಯೆಲ್ಲ ವ್ಯರ್ಥ.

ಒಂದು ವೈರಿನ ಬಗ್ಗೆ ಪ್ರತ್ಯೇಕ ಎಚ್ಚರಿಕೆ. ಕೀ ಸ್ವಿಚ್ಚಿನ ಹಿಂದೆ ಎಂ ಎಂದು ಗುರುತಿಸಿದ ಕಾಲು ಮ್ಯಾಗ್ನೆಟೋದ್ದು. ಈ ಇಂಜಿನ್ನುಗಳ ಕಿಡಿ ಬ್ಯಾಟರಿಯಿಂದ ಬರುವುದಿಲ್ಲ, ಫ್ಲೈವೀಲಿನ ಅಯಸ್ಕಾಂತದಿಂದ ಬರುತ್ತದೆ. ಆ ವೈರನ್ನು ಚಾಸಿಗೆ ತಾಗಿಸಿದರೆ ಇಂಜಿನ್ ನಿಲ್ಲುತ್ತದೆ, ಅಷ್ಟೇ ಅದರ ಕೆಲಸ. ಅದಕ್ಕೆ 12 ವೋಲ್ಟ್ ಕೊಟ್ಟರೆ ಕಿಡಿಯ ಕಾಯಿಲ್ ಸುಟ್ಟುಹೋಗಬಹುದು. ಮಲ್ಟಿಮೀಟರ್ ಇಟ್ಟು ನೋಡದೆ ಯಾವ ವೈರನ್ನೂ ಮುಟ್ಟಬೇಡಿ.

ಇಂಥ ಪಂಪು 1ರಿಂದ 2 ಆಂಪಿಯರ್ ಸೆಳೆಯುತ್ತದೆ. ನಿಮ್ಮ ಇಂಜಿನ್ನಿನ ಚಾರ್ಜಿಂಗ್ 9 ಅಥವಾ 16 ಆಂಪಿಯರಿನದಾದರೆ ಚಿಂತೆಯಿಲ್ಲ. ಕೆಲವು ಚಿಕ್ಕ ಇಂಜಿನ್ನುಗಳಲ್ಲಿ ಬ್ಯಾಟರಿಗೆ ಸಿಗುವುದೇ 3 ಆಂಪಿಯರ್. ಅಲ್ಲಿ ಪಂಪು ಅರ್ಧವನ್ನು ತಿಂದುಬಿಡುತ್ತದೆ.

ಜೋಡಣೆ

ಪಂಪನ್ನು ಟ್ಯಾಂಕಿನ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ, ಸೈಲೆನ್ಸರಿನಿಂದ ದೂರ, ಬ್ಲೇಡುಗಳ ಬೆಲ್ಟಿಗೆ ಕೊಳವೆ ತಾಗದಂತೆ, ಹೊರಹರಿವಿನ ತುದಿ ಮೇಲಕ್ಕಿರುವಂತೆ, ರಬ್ಬರ್ ಬುಷ್ ಕೊಟ್ಟು ಬಿಗಿಯಿರಿ. ಟ್ಯಾಂಕಿಗೂ ಪಂಪಿಗೂ ನಡುವೆ ಒರಟು ಜಾಲರಿಯ ಫಿಲ್ಟರು, ಪಂಪಿಗೂ ಕಾರ್ಬ್ಯುರೇಟರಿಗೂ ನಡುವೆ ನವಿರಾದದ್ದು. ತಿರುಗಿಸಿ ಹಾಕಿದರೆ ಪಂಪು ಹೀರಲು ಹೆಣಗುತ್ತದೆ. ಟ್ಯಾಂಕಿನ ಬಳಿ ಕೈಯಿಂದ ಮುಚ್ಚುವ ಕವಾಟವೂ ಇರಲಿ. ಈ ಪಂಪುಗಳ ಏಕಮುಖ ಕವಾಟ ಹಿಂದಕ್ಕೆ ಹರಿಯುವುದನ್ನು ತಡೆಯುತ್ತದೆಯೇ ಹೊರತು ಮುಂದಕ್ಕೆ ಹರಿಯುವುದನ್ನಲ್ಲ. ತುಂಬಿದ ಟ್ಯಾಂಕಿನ ಮಟ್ಟ ಕಾರ್ಬ್ಯುರೇಟರಿಗಿಂತ ಮೇಲಿದ್ದರೆ ನಿಂತ ಪಂಪಿನ ಮೂಲಕವೂ ಪೆಟ್ರೋಲು ಇಳಿಯುತ್ತದೆ. ಕೊಳವೆ ಕಾಲು ಅಂಗುಲದ್ದು, ಪೆಟ್ರೋಲಿಗೆಂದೇ ತಯಾರಾಗಿ ಎಸ್‌ಎಇ 30ಆರ್7 ಎಂದು ಅಚ್ಚಾಗಿರುವಂಥದು. ಅಕ್ವೇರಿಯಮ್ಮಿನ ಪಾರದರ್ಶಕ ಕೊಳವೆ ನೋಡಲು ಚೆಂದ, ಆದರೆ ಕೆಲವೇ ತಿಂಗಳಲ್ಲಿ ಗಡುಸಾಗಿ ಸೀಳುತ್ತದೆ.

ಹಳೆಯ ಮಿಡಿತದ ಪಂಪು ತೆಗೆದ ಮೇಲೆ ಕ್ರ್ಯಾಂಕ್‌ಕೇಸಿನ ಆ ಕೊಳವೆಯ ಮೂತಿ ಬಾಯಿ ತೆರೆದುಕೊಂಡಿರುತ್ತದೆ. ಅದನ್ನು ಮುಚ್ಚದಿದ್ದರೆ ಇಂಜಿನ್ ಅಲ್ಲಿಂದ ಧೂಳು ಹೀರಿ ಎಣ್ಣೆ ಉಗುಳುತ್ತದೆ. ಎಣ್ಣೆ ತಾಳುವ ರಬ್ಬರಿನ ಟೋಪಿ ಹಾಕಿ ಕ್ಲಿಪ್ಪು ಬಿಗಿಯಿರಿ. ಕ್ಯಾಮ್ ಪಂಪಾದರೆ ಅದರ ಜಾಗಕ್ಕೆ ಗ್ಯಾಸ್ಕೆಟ್ ಇಟ್ಟು ತಗಡಿನ ಮುಚ್ಚುಫಲಕ ಕೂರಿಸಬೇಕು.

ಕೆಲಸವೆಲ್ಲ ಗರಾಜಿನ ಹೊರಗೆ, ತಣ್ಣಗಿನ ಇಂಜಿನ್ನಿನ ಮೇಲೆ, ಬ್ಯಾಟರಿಯ ಋಣ ತಂತಿ ಬಿಚ್ಚಿಟ್ಟು ನಡೆಯಲಿ. ಪರೀಕ್ಷೆಗೆ ಮೊದಲು ಕಾರ್ಬ್ಯುರೇಟರಿನ ಕಡೆಯ ತುದಿಯನ್ನು ಪೆಟ್ರೋಲ್ ಡಬ್ಬಿಗೆ ಇಳಿಬಿಟ್ಟು ಗುಂಡಿ ಒತ್ತಿ; ಅರ್ಧ ನಿಮಿಷಕ್ಕೆ ಕಾಲು ಲೀಟರಿಗಿಂತ ಹೆಚ್ಚು ಬಂದರೆ ಹರಿವು ಧಾರಾಳ. ಆಮೇಲೆ ಕೊಳವೆ ಜೋಡಿಸಿ, ಗೇಜಿನಲ್ಲಿ ಒತ್ತಡ ನೋಡಿ. ಇಂಜಿನ್ ಓಡಿಸಿ, ಸೀಟಿನಿಂದ ಎದ್ದು, ಕೀ ಆನ್ ಇರುವಾಗಲೇ ಕಿವಿಗೊಡಿ: ಒಂದೆರಡು ಸೆಕೆಂಡಿನಲ್ಲಿ ಪಂಪಿನ ಸದ್ದು ಅಡಗಬೇಕು. ಅಡಗದಿದ್ದರೆ ಯಂತ್ರವನ್ನು ಗರಾಜಿನೊಳಗೆ ತರಬೇಡಿ, ವೈರಿಂಗ್ ಮತ್ತೆ ನೋಡಿ. ಎಲ್ಲ ಸರಿಯಿದ್ದರೂ ಮೊದಲ ರಾತ್ರಿ ಯಂತ್ರ ಹೊರಗೇ ನಿಲ್ಲಲಿ. ಬೆಳಿಗ್ಗೆ ಕೆಳಗಿನ ನೆಲ ನೋಡಿ, ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಿ, ಒಮ್ಮೆ ಮೂಸಿ. ವಾರಕ್ಕೊಮ್ಮೆಯಂತೆ ಒಂದು ತಿಂಗಳು ಇದನ್ನೇ ಮಾಡಿ, ಹುಲ್ಲು ಕತ್ತರಿಸಿ ಮುಗಿದಾಗಲೆಲ್ಲ ಟ್ಯಾಂಕಿನ ಕವಾಟ ಮುಚ್ಚಿ.